ಒಂದೇ ಇರುಳಿನ ಎರಡು ಫಲ

ಡಿಸೆಂಬರ್ ಬಂತೆಂದರೆ ಹೆಬ್ಬಾಳದ ಮೇಲ್ಸೇತುವೆಗೆ ರಾತ್ರಿಯಿಡೀ ನಿದ್ದೆಯಿಲ್ಲ. ಕೋಳಿ ಕೂಗುವ ಮೊದಲೇ ಬೈಕುಗಳು, ಕಾರುಗಳು, ಹ್ಯಾಂಡಲ್ಲಿಗೆ ದೀಪ ಸಿಕ್ಕಿಸಿಕೊಂಡ ಸೈಕಲ್ ಸವಾರರು ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ದೇವನಹಳ್ಳಿ ದಾಟಿ ನಂದಿಯತ್ತ ಹೊರಡುತ್ತಾರೆ. ಅದೇ ರಸ್ತೆಯ ಇನ್ನೊಂದು ಬದಿಯಲ್ಲಿ ಅವರೆಕಾಯಿಯ ಮೂಟೆ ಹೇರಿದ ಟೆಂಪೊಗಳು ನಗರದ ಮಾರುಕಟ್ಟೆಗಳ ಕಡೆಗೆ ಬರುತ್ತಿರುತ್ತವೆ. ಹೋಗುವವರಿಗೆ ಬೇಕಾದದ್ದು ಮೋಡದ ಕಡಲು. ಬರುವ ಮೂಟೆಯಲ್ಲಿ ಇರುವುದು ಸೊಗಡು. ಇವೆರಡನ್ನೂ ಹೆತ್ತದ್ದು ಒಂದೇ ಇರುಳು ಎಂಬುದು ನನ್ನನ್ನು ಬೆರಗುಗೊಳಿಸುತ್ತದೆ.

ನಮ್ಮ ಬಯಲುಸೀಮೆಗೆ ಸಮುದ್ರವಿಲ್ಲ. ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಅರ್ಕಾವತಿ, ಉತ್ತರ ಪಿನಾಕಿನಿ, ಪಾಲಾರ್ ಹುಟ್ಟುವುದು ಈ ನಂದಿಯ ಸುತ್ತಮುತ್ತಲೇ ಆದರೂ ತವರಿನಲ್ಲಿ ನಿಲ್ಲದೆ ಒಂದೊಂದು ದಿಕ್ಕಿಗೆ ಹೊರಟುಹೋಗುತ್ತವೆ. ಇಂಥ ಒಣನೆಲಕ್ಕೆ ಚಳಿಗಾಲದ ಕೆಲವು ಬೆಳಗುಗಳಲ್ಲಿ ಮಾತ್ರ ಕಡಲು ಬರುತ್ತದೆ. 1,478 ಮೀಟರ್ ಎತ್ತರದ ನಂದಿಯ ಮೇಲೋ, 1,450 ಮೀಟರ್ ಎತ್ತರದ ಸ್ಕಂದಗಿರಿಯ ಮೇಲೋ ನಿಂತು ನೋಡಿದರೆ ಕೆಳಗಿನ ಊರು, ಕೆರೆ, ದ್ರಾಕ್ಷಿತೋಟ ಯಾವುದೂ ಇಲ್ಲ. ಬೆಳ್ಳಗೆ ಮಂಜು, ಅದರ ನಡುವೆ ದ್ವೀಪಗಳಂತೆ ಎದ್ದ ಬೆಟ್ಟದ ನೆತ್ತಿಗಳು. ಸ್ಕಂದಗಿರಿಯನ್ನು ಸುತ್ತಲಿನ ಹಳ್ಳಿಯವರು ಕಳವಾರ ಬೆಟ್ಟ ಎನ್ನುತ್ತಾರೆ. ಅಲ್ಲಿಗೆ ಕತ್ತಲಲ್ಲಿ ಟಾರ್ಚಿನ ಬೆಳಕಿಗೆ ಕಲ್ಲು ತಡಕಿಕೊಂಡು ಹತ್ತಬೇಕು. ಎದೆ ಡವಡವ ಎನ್ನುತ್ತದೆ, ಬೆವರು ಅಲ್ಲೇ ತಣ್ಣಗಾಗುತ್ತದೆ. ಹಾಗೆ ಮೈ ದಣಿದು ಬಂದವರಿಗೆ ಆ ಬಿಳಿಯ ಬಯಲು ಕಂಡಾಗ ಮಾತು ನಿಂತುಹೋಗುತ್ತದೆ.

ಆ ಕಡಲು ಹುಟ್ಟುವ ಬಗೆ ಸರಳ. ಮಳೆಗಾಲ ಮುಗಿದು ಆಕಾಶ ತಿಳಿಯಾಗಿರಬೇಕು, ಗಾಳಿ ಬಿದ್ದಿರಬೇಕು. ಹೊದಿಕೆಯಂತೆ ಮುಚ್ಚಲು ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲ ತಣ್ಣಗಾದಂತೆ ಅದನ್ನು ಮುಟ್ಟಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಅದರಲ್ಲಿದ್ದ ಆವಿ ಸಣ್ಣ ಹನಿಗಳಾಗಿ ತೇಲಿದರೆ ಮಂಜು. ಎಲೆ, ಹುಲ್ಲು, ಕಾಯಿಗಳ ಮೇಲೆ ಕೂತರೆ ಇಬ್ಬನಿ. ಮಳೆ ಕೊಡದ ಆ ತಿಳಿ ಆಕಾಶವೇ ಬೆಟ್ಟದ ಮೇಲಿದ್ದವರಿಗೆ ಕಡಲನ್ನೂ ಹೊಲದಲ್ಲಿದ್ದ ಬಳ್ಳಿಗೆ ನೀರನ್ನೂ ಕೊಡುತ್ತದೆ.

ಹೊಲದಲ್ಲಿರುವುದು ಅವರೆ. ಮುಂಗಾರಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿದ್ದ ಬೀಜ ಅದು. ರಾಗಿ ತೆನೆಗಟ್ಟಿ ಕೊಯ್ಲಾಗುವ ತನಕ ಬದಿಗೆ ಸರಿದು ನಿಂತಿರುತ್ತದೆ. ಹಗಲು ಕುಗ್ಗಿತೆಂಬುದು ತಿಳಿದಾಗಲೇ ನಾಟಿ ಅವರೆ ಹೂಬಿಡುವುದು. ಆ ಹೊತ್ತಿಗೆ ಮಳೆ ಹೋಗಿರುತ್ತದೆ. ಆಳಕ್ಕಿಳಿದ ಬೇರು ಉಳಿದ ತೇವವನ್ನು ಹುಡುಕಿಕೊಳ್ಳುತ್ತದೆ. ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು ಒಸರುತ್ತದೆ. ಸೊಗಡು ಇರುವುದು ಅದರಲ್ಲೇ. ಇಬ್ಬನಿ ಚೆನ್ನಾಗಿ ಬಿದ್ದರೆ ಸೊಗಡೂ ಚೆನ್ನ ಎನ್ನುತ್ತಾರೆ ಬೆಳೆದವರು. ಸುಲಿದ ಕೈಯನ್ನು ಎಷ್ಟು ತೊಳೆದರೂ ಅದು ಬಿಡುವುದಿಲ್ಲ. ಕಾಳನ್ನು ನೆನೆಹಾಕಿ, ಒಂದೊಂದನ್ನೇ ಹಿತುಕಿ, ಆ ಬೇಳೆಯ ಸಾರಿಗೆ ಬಿಸಿ ರಾಗಿಮುದ್ದೆ ಮುರಿದು ಅದ್ದಿದಾಗ, ಒಟ್ಟಿಗೆ ಬೆಳೆದ ಎರಡು ಪೈರು ತಟ್ಟೆಯಲ್ಲಿ ಮತ್ತೆ ಕೂಡುತ್ತವೆ.

ಮಳೆಯನ್ನು ತಡೆದದ್ದೇ ಬೇರೊಂದನ್ನು ಕೊಡುವ ಈ ನೀತಿ ದೂರದ ನಮೀಬಿಯಾದಲ್ಲಿ ಇನ್ನೂ ದೊಡ್ಡದಾಗಿ ನಡೆಯುತ್ತದೆ. ಅಲ್ಲಿಯ ಸ್ವಾಕೋಪ್‌ಮುಂಡ್ ಒಂದು ಕಡೆ ಅಟ್ಲಾಂಟಿಕ್ ಸಾಗರ, ಮತ್ತೊಂದು ಕಡೆ ನಮೀಬ್ ಮರುಭೂಮಿ ಇರುವ ಊರು. ಜನ ಹಲಗೆಯ ಮೇಲೆ ಮರಳುದಿಬ್ಬದಿಂದ ಜಾರಿ ಬಂದು, ನೆರೆಯ ವಾಲ್ವಿಸ್ ಬೇ ಊರಿನ ಸಿಂಪಿ ತಿನ್ನುತ್ತಾರೆ. ಬೆಂಗ್ವೆಲಾ ಎಂಬ ತಣ್ಣನೆಯ ಸಾಗರಪ್ರವಾಹ ಕರಾವಳಿಯ ಗಾಳಿಯನ್ನು ಕೆಳಗೇ ತಡೆದು ಮಳೆ ಕಟ್ಟದಂತೆ ಮಾಡಿತು. ದಿಬ್ಬಗಳು ಒಣಗಿ ನಿಂತವು. ಅದೇ ತಣ್ಣೀರಿನ ಕಡಲಲ್ಲಿ ತಳದ ಸತ್ವ ಮೇಲೆದ್ದು ಬಂದು ಮೀನನ್ನೂ ಸಿಂಪಿಯನ್ನೂ ಸಾಕಿತು. ಅದೇ ತಂಪು ಮಂಜಾಗಿ ಮರಳಿನ ಮೇಲೆ ಹರಿದಾಗ, ಅಲ್ಲಿಯ ಒಂದು ಕಪ್ಪು ಜೀರುಂಡೆ ದಿಬ್ಬದ ಏಣಿನ ಮೇಲೆ ತಲೆ ಕೆಳಗಿಟ್ಟು ನಿಂತು, ಬೆನ್ನಿನಿಂದಿಳಿವ ಹನಿಯನ್ನು ಬಾಯಿಗೆ ತಂದುಕೊಳ್ಳುತ್ತದೆ. ಬರವನ್ನು ತಂದದ್ದೂ ಊಟವನ್ನು ತಂದದ್ದೂ ಒಂದೇ ಕೈ.

ಕೊರತೆಯನ್ನು ನಾವು ಬರಿಗೈಯೆಂದು ಓದಿಬಿಡುತ್ತೇವೆ. ಮಳೆಯಿಲ್ಲದ ತಿಂಗಳು, ಹೊಳೆಯಿಲ್ಲದ ಸೀಮೆ, ಕಲ್ಲು ನೆಲ ಎಂದು ಪಟ್ಟಿ ಮಾಡುತ್ತೇವೆ. ಆದರೆ ಸುಮಾರು 250 ಕೋಟಿ ವರ್ಷಗಳ ಹಿಂದಿನ ಆ ಕಲ್ಲು ಸವೆಯದೆ ನಿಂತದ್ದರಿಂದಲೇ ನಮಗೆ ಹತ್ತಲು ಬೆಟ್ಟಗಳಿವೆ. ಅದರ ಪುಡಿಯಿಂದಾದ ಕೆಮ್ಮಣ್ಣಿನಲ್ಲಿ ರಾಗಿ ಒಗ್ಗಿ ಬೆಳೆಯಿತು. ಮೋಡ ಸರಿದ ರಾತ್ರಿಯಿಂದಲೇ ಸೊಗಡು ಬಂತು. ಬೆರಗು ಎಂದರೆ ಇಲ್ಲದ್ದನ್ನು ಕಲ್ಪಿಸಿಕೊಳ್ಳುವುದಲ್ಲ, ಎದುರಿಗಿರುವ ಎರಡು ಸಂಗತಿಗಳ ನಡುವಿನ ನಂಟು ಥಟ್ಟನೆ ಕಾಣುವುದು.

1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದ ಹೆಸರಿಟ್ಟು ‘ಹೆಬ್ಬಾಳ ಅವರೆ’ ತಳಿಗಳನ್ನು ಕೊಟ್ಟಿದೆ. ಅವುಗಳಲ್ಲಿ ಕೆಲವು ಹಗಲು ಕುಗ್ಗಲೆಂದು ಕಾಯುವುದಿಲ್ಲ. ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕೊಡುತ್ತವೆ. ರೈತನ ಕೈಗೆ ಎಲ್ಲ ಕಾಲಕ್ಕೂ ನಾಲ್ಕು ಕಾಸು ಬರುವುದಾದರೆ ಅದು ಸಣ್ಣ ಸಾಧನೆಯಲ್ಲ, ಅದನ್ನು ಗೌರವದಿಂದಲೇ ನೆನೆಯಬೇಕು. ಆದರೂ ಚಳಿಗಾಲದ ನಾಟಿ ಅವರೆಗೆ ಜನ ವರ್ಷವಿಡೀ ಕಾಯುತ್ತಾರೆ. ಸೂರ್ಯನ ನಡೆಯನ್ನು ಎಣಿಸಿ ಹೂಬಿಟ್ಟ ಗಿಡದ ರುಚಿ ಬೇರೆಯೆಂದು ನಾಲಿಗೆಗೆ ಗೊತ್ತಿದೆ.

ಸಾಹಸ ಎಂಬುದನ್ನು ಬೆಟ್ಟ ಹತ್ತಿದವರಿಗೆ ಮಾತ್ರ ಮೀಸಲಿಡಲು ನನಗೆ ಮನಸ್ಸಿಲ್ಲ. ಮಳೆಯನ್ನು ನಂಬಿ ಬೀಜ ಎಸೆದು, ಐದಾರು ತಿಂಗಳು ಆಕಾಶ ನೋಡಿ, ಇಬ್ಬನಿಯಲ್ಲಿ ಸೆರಗು ನೆನೆಸಿಕೊಂಡು ಕಾಯಿ ಬಿಡಿಸುವ ಹೆಣ್ಣುಮಗಳ ಧೈರ್ಯ ಸ್ಕಂದಗಿರಿಯ ಏರಿಗಿಂತ ಕಡಿದು. ಇಳಿದು ಬರುವಾಗ ದಾರಿಬದಿಯ ಗುಡ್ಡೆಯಿಂದ ಅವರೆಕಾಯಿ ಕೊಳ್ಳುವವರು ಚೌಕಾಸಿಗೆ ಮೊದಲು, ‘ಈ ಸಲ ಇಬ್ಬನಿ ಹೇಗಿತ್ತಮ್ಮಾ?’ ಎಂದು ಒಂದು ಮಾತು ಕೇಳಲಿ. ಮೇಲಿನಿಂದ ನಾವು ನೋಡಿದ ಇರುಳನ್ನು ಆಕೆ ಒಳಗಿನಿಂದ ಬಲ್ಲಳು. ಆಕೆ ಹೇಳುವುದನ್ನು ಕೇಳಿಸಿಕೊಂಡರೆ ಬೆಟ್ಟದ ಮೇಲೆ ಹುಟ್ಟಿದ ಬೆರಗಿಗೆ ಕೃತಜ್ಞತೆಯೂ ಕೂಡಿಕೊಳ್ಳುತ್ತದೆ. ಕೃತಜ್ಞತೆ ಕೂಡಿದ ಬೆರಗಷ್ಟೇ ಬಾಳಿಕೆ ಬರುವುದು.