ಮೊದಲೇ ಇದ್ದವಳು

"ಪಾಪ, ಅದಕ್ಕೂ ಒಂದು ಜೊತೆ ಬೇಡವೆ?" ಒಂದೇ ಬೆಕ್ಕು ಸಾಕಿರುವ ಮನೆಗೆ ಬಂದವರು ಇಂದಲ್ಲ ನಾಳೆ ಈ ಮಾತನ್ನು ಹೇಳಿಯೇ ಹೇಳುತ್ತಾರೆ. ಒಂದೇ ಮಗು ಇರುವ ದಂಪತಿಗೆ ನೆಂಟರು ಹೇಳುವ ಮಾತೂ ಹೆಚ್ಚುಕಡಿಮೆ ಇದೇ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಆ ಮಾತನ್ನು ಸ್ವಲ್ಪ ನಿಧಾನವಾಗಿ ಕೇಳಿಸಿಕೊಂಡರೆ ಅದರೊಳಗೊಂದು ತೀರ್ಪು ಕೂತಿರುವುದು ಕಾಣುತ್ತದೆ. ಒಂಟಿಯಾಗಿರುವುದು ಒಂದು ಕೊರತೆ, ಆ ಕೊರತೆ ಅದಕ್ಕೆ ಗೊತ್ತಾಗುತ್ತಿದೆ, ಅದನ್ನು ತುಂಬುವ ಅಧಿಕಾರ ನಮಗಿದೆ. ಬೆಕ್ಕನ್ನು ಒಂದು ಮಾತೂ ಕೇಳದೆ ನಾವು ಇಷ್ಟನ್ನೂ ತೀರ್ಮಾನಿಸಿಬಿಟ್ಟಿರುತ್ತೇವೆ.

ಬೆಕ್ಕಿನ ಚರಿತ್ರೆ ಈ ತೀರ್ಪಿನ ಪರವಾಗಿ ಸಾಕ್ಷಿ ಹೇಳುವುದಿಲ್ಲ. ನಮ್ಮ ಮನೆಬೆಕ್ಕುಗಳು ಫೆಲಿಸ್ ಲಿಬಿಕಾ ಎಂಬ ಕಾಡುಬೆಕ್ಕಿನ ಸಂತತಿ. ಅದು ಒಂಟಿಯಾಗಿ ಓಡಾಡಿ ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಬೇಟೆಯೆಂದರೆ ಒಂದು ಇಲಿ, ಒಂದು ಓತಿಕೇತ. ಒಬ್ಬರ ಹೊಟ್ಟೆಗೇ ಸಾಲದ್ದನ್ನು ಹಂಚಿಕೊಂಡು ತಿನ್ನುವ ಅಭ್ಯಾಸ ಬೆಳೆಯುವುದಾದರೂ ಹೇಗೆ? ನಾಯಿಯ ಪೂರ್ವಜ ತೋಳ, ಹಿಂಡಿನಲ್ಲಿ ಬಾಳಿದ್ದು. ನಾವು ಬೆಕ್ಕಿನ ಬಗ್ಗೆ ಮಾಡುವ ಊಹೆಗಳಲ್ಲಿ ಅರ್ಧ ನಾಯಿಯನ್ನು ನೋಡಿ ಮಾಡಿದವು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಅಸ್ಥಿಪಂಜರದಿಂದ ಗೇಣೆರಡು ದೂರದಲ್ಲಿ ಬೆಕ್ಕೊಂದರ ಅಸ್ಥಿಪಂಜರ. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲವಾದ್ದರಿಂದ ಯಾರೋ ದೋಣಿಯಲ್ಲಿ ತಂದಿರಬೇಕು. ಮನುಷ್ಯನ ಜೊತೆ ಬಾಳಲು ಬೆಕ್ಕು ಅಷ್ಟು ಹಿಂದೆಯೇ ಒಪ್ಪಿಕೊಂಡಿತೆನ್ನೋಣ. ಗುರುತಿಲ್ಲದ ಇನ್ನೊಂದು ಬೆಕ್ಕಿನ ಜೊತೆ ಬಾಳುವುದು ಬೇರೆಯೇ ಒಪ್ಪಂದ.

ಹಾಗೆಂದು ಬೆಕ್ಕು ಸನ್ಯಾಸಿಯೂ ಅಲ್ಲ. ಮೀನು ಮಾರುಕಟ್ಟೆಯ ಹಿಂಭಾಗದಲ್ಲಿ, ಹೋಟೆಲಿನ ಹಿತ್ತಲಲ್ಲಿ, ಆಹಾರ ಧಾರಾಳವಾಗಿರುವ ಕಡೆ ಹೆಣ್ಣುಬೆಕ್ಕುಗಳು ಗುಂಪಾಗಿ ಇರುತ್ತವೆ. ಒಂದರ ಮರಿಗೆ ಇನ್ನೊಂದು ಹಾಲೂಡಿಸುತ್ತದೆ. ಆದರೆ ಅವು ಸಾಮಾನ್ಯವಾಗಿ ತಾಯಿ, ಮಗಳು, ಅಕ್ಕ, ತಂಗಿ. ಹೊರಗಿನಿಂದ ಬಂದವರಿಗೆ ಅಲ್ಲಿ ಸುಲಭಕ್ಕೆ ಜಾಗವಿಲ್ಲ.

ನಮ್ಮ ಮನೆಯಲ್ಲಿ ಬೆಳ್ಳಿ ಇದ್ದಾಳೆ. ವಯಸ್ಸು ಹನ್ನೊಂದು. (ವ್ಯಾಕರಣದ ಪ್ರಕಾರ 'ಇದೆ' ಎನ್ನಬೇಕು. ಹನ್ನೊಂದು ವರ್ಷ ಒಂದೇ ಹೊದಿಕೆಯಡಿ ಮಲಗಿದವರಿಗೆ ನಪುಂಸಕಲಿಂಗ ಬಾಯಿಗೆ ಬರುವುದಿಲ್ಲ.) ಹೋದ ಆಷಾಢದ ಮಳೆಯಲ್ಲಿ ಚರಂಡಿಯ ಚಪ್ಪಡಿಯ ಕೆಳಗೆ ಅಳುತ್ತಿದ್ದ ಗುಂಡ ಬಂದ. ಅಂಗೈಯಲ್ಲಿ ಹಿಡಿಯುವಷ್ಟಿದ್ದ. ಅವನನ್ನು ಒಳಗೆ ತರಬೇಕೆ ಎಂಬ ಚರ್ಚೆ ನಮ್ಮಲ್ಲಿ ನಡೆಯಲಿಲ್ಲ. ಅಂಥ ಹೊತ್ತಿನಲ್ಲಿ ಯಾರೂ ಚರ್ಚೆ ಮಾಡುವುದಿಲ್ಲ, ಮಾಡಲೂ ಬಾರದು. ಚರ್ಚೆ ಬೇಕಾದದ್ದು ಆಮೇಲಿನದಕ್ಕೆ.

ಯಾಕೆಂದರೆ ಗುಂಡನ ಕಷ್ಟ ಕಿವಿಗೆ ಕೇಳಿಸುವಂಥದ್ದು, ಬೆಳ್ಳಿಯದು ಕೇಳಿಸದ್ದು. ಅವನಿಗೆ ಹಸಿವು, ಚಳಿ, ಕಣ್ಣಲ್ಲಿ ಪಿಸುರು. ಅವಳಿಗೆ ಇವೇನೂ ಇಲ್ಲ. ಬಟ್ಟಲಿನಲ್ಲಿ ಊಟ ಮೊದಲಿನಷ್ಟೇ ಇದೆ. ಹೋದದ್ದು ಬೇರೆ. ಬೆಕ್ಕು ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಮ್ಮ ಮೀನಖಂಡಕ್ಕೆ ಕೆನ್ನೆ ಉಜ್ಜುತ್ತ ಹೋಗುವುದನ್ನು ನೀವು ನೋಡಿರುತ್ತೀರಿ. ಅದು ಬರೀ ಮುದ್ದಲ್ಲ. ಕೆನ್ನೆಯ ಗ್ರಂಥಿಗಳ ವಾಸನೆಯಿಂದ ಇದು ನನ್ನ ಜಾಗ, ಇಲ್ಲಿ ಭಯವಿಲ್ಲ ಎಂದು ದಿನವೂ ಬರೆದಿಡುವ ಕೆಲಸ. ನೀವು ಬೆಳಗ್ಗೆ ಎದ್ದಾಗ ಮನೆಯ ಗೋಡೆಯ ಮೇಲೆಲ್ಲ ಯಾರೋ ಅಪರಿಚಿತರು ತಮ್ಮ ಹೆಸರು ಗೀಚಿದ್ದರೆ ಹೇಗನಿಸುತ್ತದೋ ಬೆಳ್ಳಿಗೆ ಆದದ್ದು ಸುಮಾರು ಅದು. ಅವಳು ಬೀರುವಿನ ಮೇಲೆ ಹತ್ತಿ ಕೂತಳು. ಎರಡು ದಿನ ಅರ್ಧ ಊಟ ಬಿಟ್ಟಳು. ವಯಸ್ಸಾದ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಯಕೃತ್ತು ಕೆಡಬಹುದು ಎಂದು ಪಶುವೈದ್ಯರು ಮೊದಲೇ ಎಚ್ಚರಿಸಿದ್ದರು. ಮೌನವಾಗಿ ಕೂತವಳ ಕಷ್ಟ ಅಳುವವನ ಕಷ್ಟಕ್ಕಿಂತ ಸಣ್ಣದೇನಲ್ಲ. ಆದರೆ ನಮ್ಮ ಕರುಣೆ ಹೆಚ್ಚಾಗಿ ಕಿವಿಯ ಹಿಂದೆಯೇ ಹೋಗುತ್ತದೆ.

ಶ್ರೀವೈಷ್ಣವರಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂಬ ಎರಡು ಹೋಲಿಕೆಗಳಿವೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ವಡಗಲೆಯವರು ಮೊದಲನೆಯದನ್ನು, ತೆಂಗಲೆಯವರು ಎರಡನೆಯದನ್ನು ಹಿಡಿದರು. ಭಕ್ತನ ಪ್ರಯತ್ನ ಎಷ್ಟು, ದೇವರ ಕೃಪೆ ಎಷ್ಟು ಎಂಬ ದೊಡ್ಡ ಚರ್ಚೆ ಅದು. ಗುಂಡನನ್ನು ಒಳಗೆ ತಂದ ದಿನದಿಂದ ನನಗೆ ಆ ಹೋಲಿಕೆಯಲ್ಲಿ ಬೇರೊಂದು ಸಂಗತಿ ಕಾಣುತ್ತಿದೆ. ಅಲ್ಲಿರುವುದು ಇಬ್ಬರೇ, ಒಯ್ಯುವವಳು ಮತ್ತು ಮರಿ. ವೈಕುಂಠದಲ್ಲಿ ಜಾಗದ ಕೊರತೆಯಿಲ್ಲ, ಹಾಗಾಗಿ ಅಲ್ಲಿ ಮೊದಲೇ ಕೂತವರು ಏನೆಂದುಕೊಂಡರು ಎಂಬ ಪ್ರಶ್ನೆ ಏಳುವುದಿಲ್ಲ. ನಮ್ಮದು ಎರಡು ಕೋಣೆಯ ಮನೆ.

ಫ್ರೆಂಚ್ ತತ್ತ್ವಜ್ಞಾನಿ ಜಾಕ್ ದೆರಿದಾ, ಇಂಗ್ಲಿಷಿನಲ್ಲಿ 'ದಿ ಗಿಫ್ಟ್ ಆಫ್ ಡೆತ್' ಎಂಬ ಹೆಸರಿನಿಂದ ಬಂದ ಪುಸ್ತಕದಲ್ಲಿ, ಅಬ್ರಹಾಮ ಮಗನನ್ನು ಬಲಿಕೊಡಲು ಹೊರಟ ಕಥೆಯನ್ನು ಚರ್ಚಿಸುತ್ತ ನಡುವೆ ಬೆಕ್ಕಿನ ಮಾತೆತ್ತುತ್ತಾರೆ. ವರ್ಷಗಟ್ಟಲೆ ದಿನವೂ ಮನೆಯ ಒಂದು ಬೆಕ್ಕಿಗೆ ಅನ್ನ ಹಾಕುತ್ತೇನೆ, ಅದೇ ಹೊತ್ತಿಗೆ ಹಸಿದು ಸಾಯುತ್ತಿರುವ ಉಳಿದ ಬೆಕ್ಕುಗಳನ್ನು ಕೈಬಿಟ್ಟಿದ್ದೇನೆ, ಇದನ್ನು ಹೇಗೆ ಸಮರ್ಥಿಸಿಕೊಳ್ಳಲಿ ಎಂಬುದು ಅವರ ಪ್ರಶ್ನೆಯ ಸಾರ. ಸಮರ್ಥನೆ ಸಾಧ್ಯವಿಲ್ಲವೆಂದೇ ಅವರ ಅಭಿಪ್ರಾಯ. ಒಬ್ಬರ ಕಡೆ ತಿರುಗಿದರೆ ಇನ್ನೆಲ್ಲರಿಗೂ ಬೆನ್ನು ಹಾಕಿದಂತೆಯೇ. ನನಗೆ ಈ ಪ್ರಶ್ನೆ ತುಂಬ ದಿನ ದೊಡ್ಡದಾಗಿ ಕಂಡಿತ್ತು. ಈಗ ಅದರಲ್ಲೊಂದು ಲೆಕ್ಕ ಬಿಟ್ಟುಹೋಗಿದೆ ಅನಿಸುತ್ತದೆ. ದಾರಿಯ ಬೆಕ್ಕುಗಳಿಗೆ ನಾನು ಕೊಡಬೇಕಾದದ್ದೇನಾದರೂ ಇದ್ದರೆ ಅದು ಕರುಣೆ. ಬೆಳ್ಳಿಗೆ ಕೊಡಬೇಕಾದದ್ದು ಬಾಕಿ. ಬಾಗಿಲು ಮುಚ್ಚಿ ಅವಳನ್ನು ಮನೆಬೆಕ್ಕಾಗಿ ಮಾಡಿದವರು ನಾವು. ಏಳು ಗಂಟೆಗೆ ಊಟ, ರಾತ್ರಿ ಕಾಲಬಳಿ ನಿದ್ದೆ ಎಂಬ ಅಭ್ಯಾಸಗಳನ್ನು ಹನ್ನೊಂದು ವರ್ಷ ಕೂತು ಕಲಿಸಿದವರೂ ನಾವೇ. ಬೇಸರವಾದರೆ ಎದ್ದು ಬೇರೆ ಮನೆಗೆ ಹೋಗುವ ದಾರಿಯನ್ನು ಅವಳಿಗೆ ಉಳಿಸಿಲ್ಲ.

"ಪ್ರೀತಿ ಹಂಚಿದರೆ ಕಡಿಮೆಯಾಗುವುದಿಲ್ಲ" ಎಂದು ಈ ಹಂತದಲ್ಲಿ ಯಾರಾದರೂ ಸಮಾಧಾನ ಹೇಳುತ್ತಾರೆ. ಪ್ರೀತಿ ಕಡಿಮೆಯಾಗದೇ ಇರಬಹುದು. ತೊಡೆ ಒಂದೇ. ಆಫೀಸಿನಿಂದ ಬಂದ ಮೇಲೆ ಉಳಿಯುವ ಸಂಜೆ ಒಂದೇ. ಬೆಕ್ಕಿಗೆ ಪ್ರೀತಿ ಎಂದರೆ ಈ ತೊಡೆ, ಈ ಸಂಜೆ. ಅದರ ಆಚೆ ನಮ್ಮ ಎದೆಯೊಳಗೆ ಅಕ್ಷಯವಾಗಿ ಏನೋ ಇದೆ ಎಂದರೆ ಅದರಿಂದ ಅವಳಿಗೇನು? ತಂಗಿ ಹುಟ್ಟಿದ ದಿನ ಅಮ್ಮನ ಪಕ್ಕದಿಂದ ಅಜ್ಜಿಯ ಹಾಸಿಗೆಗೆ ವರ್ಗವಾದ ಮಕ್ಕಳಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಇಲ್ಲಿ ಇನ್ನೊಂದು ಅನುಮಾನಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಮೊದಲೇ ಇದ್ದವಳಿಗೆ ಹಕ್ಕು ಹೆಚ್ಚು ಎನ್ನುವುದಾದರೆ, "ನಾವು ಇಲ್ಲಿ ಮೊದಲಿನಿಂದ ಇದ್ದವರು" ಎಂದು ಬೆಂಗಳೂರಿನಂಥ ಊರಿನಲ್ಲಿ ದಿನವೂ ಕೇಳಿಬರುವ ಮಾತನ್ನೂ ಒಪ್ಪಿಕೊಂಡಂತಾಯಿತಲ್ಲ? ಮನುಷ್ಯರ ವಿಷಯದಲ್ಲಿ ಆ ವಾದವನ್ನು ನಾನು ಒಪ್ಪುವುದಿಲ್ಲ. ಮೊದಲು ಬಂದವರೆಂದು ಹೇಳುವವರಲ್ಲಿ ಬಹಳ ಜನರ ಅಜ್ಜಂದಿರು ಒಂದು ಟ್ರಂಕು ಹಿಡಿದು ಯಾವುದೋ ರೈಲಿನಿಂದ ಇಳಿದವರೇ. ಬೆಳ್ಳಿ ಕೂಡ ದಿನಸಿ ಅಂಗಡಿಯ ಗೋಣಿಚೀಲಗಳ ನಡುವೆ ಸಿಕ್ಕವಳು. ಮೊದಲು ಬಂದದ್ದೇ ಹಕ್ಕಿನ ಆಧಾರವಾಗಲಾರದು. ಬರುವವರನ್ನು ತಡೆಯುವ ಹಕ್ಕು ಅವಳಿಗಿದೆ ಎಂದು ನಾನು ಹೇಳುತ್ತಿಲ್ಲ. ಗುಂಡ ಬಂದದ್ದು ಸರಿಯೇ, ನಾಳೆ ಮತ್ತೆ ಮಳೆಯಲ್ಲಿ ಮರಿಯೊಂದು ಅತ್ತರೆ ಚಪ್ಪಡಿ ಎತ್ತುತ್ತೇವೆ.

ನನ್ನ ತಕರಾರು ಖರ್ಚಿನ ಬಗ್ಗೆ. ಬಾಗಿಲು ತೆರೆದದ್ದು ನಾನು, ಜಾಗ ಬಿಟ್ಟುಕೊಟ್ಟದ್ದು ಅವಳು. ನೋಡಿದವರೆಲ್ಲ ಹೊಗಳಿದ್ದು ನನ್ನನ್ನು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಊರಿನ ವಿಷಯದಲ್ಲೂ ನಿಜವಾದ ಪ್ರಶ್ನೆ ಇದೇ ಇರಬೇಕು. ಬಂದವರನ್ನು ಸ್ವಾಗತಿಸಬೇಕೆಂದು ಉದಾರವಾಗಿ ಬರೆಯುವವರ ಬೀದಿಗೂ, ಬಾಡಿಗೆ ಏರಿದ್ದರಿಂದ ಮನೆ ಬಿಡಬೇಕಾದವರ ಬೀದಿಗೂ ದೂರ ತುಂಬ ಇರುತ್ತದೆ. ಮನೆ ಬಿಟ್ಟವರು ಗೊಣಗಿದರೆ ಸಣ್ಣ ಮನಸ್ಸಿನವರು ಎಂದುಬಿಡುತ್ತೇವೆ. ಬೆಳ್ಳಿ ಬುಸುಗುಟ್ಟಿದಾಗ "ಹೊಟ್ಟೆಕಿಚ್ಚು ನೋಡು ಇದಕ್ಕೆ" ಎಂದು ಬಂದವರೆಲ್ಲ ನಕ್ಕರು. ಹೊಟ್ಟೆಕಿಚ್ಚು ಎನ್ನುವುದು ಎಷ್ಟು ಅನುಕೂಲದ ಪದ! ಕಳೆದುಕೊಂಡವರ ದೂರನ್ನು ಅವರದೇ ಗುಣದೋಷವಾಗಿ ಬದಲಾಯಿಸಿಬಿಡುತ್ತದೆ.

ಹಾಗಾದರೆ ಖರ್ಚನ್ನು ಆತಿಥೇಯನೇ ಕೊಡುವುದು ಹೇಗೆ? ಇದಕ್ಕೆ ತತ್ತ್ವಶಾಸ್ತ್ರ ಹೆಚ್ಚು ಬೇಕಿಲ್ಲ. ನಾನು ಓದುವ ಕೋಣೆಯನ್ನು ಗುಂಡನಿಗೆ ಕೊಟ್ಟು ಬಾಗಿಲು ಹಾಕಿದೆವು. ಬೀದಿಯ ಮರಿ ತರಬಹುದಾದ ಸೋಂಕು ಮುದಿ ಬೆಕ್ಕಿಗೆ ತಗಲಬಾರದೆಂದು ವೈದ್ಯರು ಎರಡು ವಾರ ಬೇರೆಯಿಡಲು ಹೇಳಿದ್ದರು. ಲಸಿಕೆ ಆಯಿತು. ಅವನು ಮಲಗಿದ ಹಳೇ ಟವೆಲನ್ನು ಅವಳ ಬಟ್ಟಲಿನ ಪಕ್ಕ, ಅವಳದನ್ನು ಅವನ ಕೋಣೆಯಲ್ಲಿ ಹಾಕಿದೆವು. ಮುಖ ಕಾಣುವ ಮೊದಲು ವಾಸನೆಯ ಪರಿಚಯವಾಗಲಿ ಎಂದು. ಮುಚ್ಚಿದ ಬಾಗಿಲಿನ ಆಚೀಚೆ ಒಂದೇ ಹೊತ್ತಿಗೆ ಊಟ. ಎರಡು ಬೆಕ್ಕಿಗೆ ಮೂರು ಮರಳಿನ ಟ್ರೇ, ಮೂರೂ ಬೇರೆ ಬೇರೆ ಮೂಲೆಯಲ್ಲಿ. ಗುಂಡನಿಗೆ ಹತ್ತಲಾಗದ ಎತ್ತರದ ಜಾಗಗಳನ್ನೆಲ್ಲ ಬೆಳ್ಳಿಗೇ ಬಿಟ್ಟೆವು. ಇಷ್ಟೂ ದಿನ ನಾನು ಲ್ಯಾಪ್‌ಟಾಪನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಒಗ್ಗರಣೆಯ ಘಾಟಿನ ನಡುವೆ ಕೆಲಸ ಮಾಡಿದೆ. ಅವಳ ರಾತ್ರಿ ತಪ್ಪಬಾರದೆಂದು ಎಷ್ಟೇ ಅತ್ತರೂ ಗುಂಡನನ್ನು ಹಾಸಿಗೆಗೆ ತರಲಿಲ್ಲ. ಇದು ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು. ಮರಿಯ ಮುದ್ದುತನ ನಮಗೆ ಪುಕ್ಕಟೆ ಸಿಗುತ್ತದೆ, ಅದರ ಒಂದು ಪಾಲನ್ನು ಬಿಟ್ಟುಕೊಡುವುದು ನನ್ನ ಮಟ್ಟಿಗೆ ನಿಜವಾದ ಖರ್ಚಾಗಿತ್ತು.

ಜೊತೆಗೆ ಒಂದು ಮಾತಿನ ಶಿಸ್ತು. ಗುಂಡನನ್ನು "ಬೆಳ್ಳಿಗೋಸ್ಕರ ತಂದದ್ದು" ಎಂದು ಯಾರ ಮುಂದೆಯೂ ಹೇಳುವುದಿಲ್ಲ. ಅವನಿಗೋಸ್ಕರ ತಂದೆವು. ಸ್ವಲ್ಪ ನಮಗೋಸ್ಕರವೂ.

ಅವರಿಬ್ಬರೂ ಸ್ನೇಹಿತರಾದರೆ ಎಂದು ಎಲ್ಲರೂ ಕೇಳುತ್ತಾರೆ. ಆಗಿಲ್ಲ. ಒಬ್ಬರನ್ನೊಬ್ಬರು ನೆಕ್ಕಿಕೊಂಡು ಮಲಗುವ ಚಿತ್ರ ನಮ್ಮ ಮನೆಯಲ್ಲಿ ತೆಗೆಯಲು ಸಿಗುವುದಿಲ್ಲ. ಬೆಕ್ಕುಗಳ ನಡವಳಿಕೆಯನ್ನು ದೀರ್ಘಕಾಲ ಅಭ್ಯಾಸ ಮಾಡಿದ ಜರ್ಮನಿಯ ಪೌಲ್ ಲೈಹೌಸೆನ್ ಒಂದು ಸಂಗತಿಯನ್ನು ದಾಖಲಿಸಿದ್ದರು. ಒಂದೇ ಪ್ರದೇಶದ ಬೆಕ್ಕುಗಳು ಒಂದೇ ದಾರಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸುತ್ತವೆ, ಎದುರುಬದುರಾಗುವುದನ್ನು ತಪ್ಪಿಸಿಕೊಳ್ಳುತ್ತವೆ. ನೆಲವನ್ನು ಹಂಚಿಕೊಳ್ಳದೆ ಹೊತ್ತನ್ನು ಹಂಚಿಕೊಳ್ಳುವ ಏರ್ಪಾಡು. ನಮ್ಮಲ್ಲೂ ಅಂಥದ್ದೇ ಒಂದು ವೇಳಾಪಟ್ಟಿ ತಯಾರಾಗಿದೆ, ನಮ್ಮ ಸಲಹೆ ಕೇಳದೆ. ಪೂರ್ವದ ಕಿಟಕಿಯ ಕಟ್ಟೆ ಒಂಬತ್ತರವರೆಗೆ ಬೆಳ್ಳಿಯದು. ಗುಂಡ ಆಗ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹತ್ತಿರ, ಬೇರೆ ಕಡೆ ನೋಡುತ್ತ ಕೂತಿರುತ್ತಾನೆ. ಬಿಸಿಲು ಕಟ್ಟೆಯ ತುದಿಗೆ ಸರಿದ ಮೇಲೆ ಅವಳು ಮೈಮುರಿದು ಇಳಿಯುತ್ತಾಳೆ. ವಯಸ್ಸಿನಿಂದ ಈಗ ಒಂದೇ ಸಲಕ್ಕೆ ಹಾರುವುದಿಲ್ಲ, ಮೊದಲು ಸ್ಟೂಲು, ಆಮೇಲೆ ನೆಲ. ಅವನ ಪಕ್ಕದಲ್ಲೇ ಹಾದು ಅಡುಗೆಮನೆಗೆ ಹೋಗುತ್ತಾಳೆ, ಬುಸುಗುಟ್ಟುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನು ಹತ್ತುತ್ತಾನೆ.