ಅಭಯವನ್ನು ಹಂಚಬಹುದೇ?

ಚೆನ್ನೈನಲ್ಲಿ ದೀಪಾವಳಿಯೆಂದರೆ ನರಕಚತುರ್ದಶಿಯ ನಸುಕು. ಪಟಾಕಿಗೆ ಸರ್ಕಾರ 2018ರಲ್ಲೇ ಬೆಳಿಗ್ಗೆ 6ರಿಂದ 7, ಸಂಜೆ 7ರಿಂದ 8 ಎಂದು ಹೊತ್ತು ಗೊತ್ತುಮಾಡಿತು. ನಮ್ಮ ಮೈಲಾಪುರದ ಬೀದಿ ಗಡಿಯಾರ ನೋಡುವುದಿಲ್ಲ. ಮೊದಲ ಸದ್ದಿಗೇ ನಮ್ಮ ನಾಯಿ ಕರಿಯ ಬಾಲ ಮುದುರಿ, ಏದುಸಿರು ಬಿಡುತ್ತ ಮಂಚದಡಿ ಸೇರುತ್ತಾನೆ. ಎಳೆಯಬಾರದು, ಗದರಬಾರದು. ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ನನ್ನ ಹಳೇ ಸೀರೆ ಹಾಸಿ ಪಕ್ಕದಲ್ಲೇ ಕೂರುತ್ತೇನೆ.

ಹಾಗೆ ಕೂತಾಗ ಗೀತೆ ನೆನಪಾಗುತ್ತದೆ. ಅದರ 16ನೇ ಅಧ್ಯಾಯ ದೈವೀಗುಣಗಳನ್ನು ಎಣಿಸುವಾಗ ಅಭಯವನ್ನೇ ಮೊದಲಿಡುತ್ತದೆ. ಅದು ಅವರವರ ಗಳಿಕೆ. ಮಾತು ತಿಳಿಯದ ಜೀವಕ್ಕೆ ಅದನ್ನು ಕೊಡುವುದು ಹೇಗೆ? ಕರಿಯನಿಗೆ ಉಪದೇಶ ಬೇಡ, ಗಾಬರಿಯಾಗದೆ ಜೊತೆಗಿರುವವರು ಬೇಕು. ಮಹಾಪ್ರಸ್ಥಾನದಲ್ಲಿ ಧರ್ಮರಾಯನೂ ನಾಯಿಗೆ ತತ್ತ್ವ ಹೇಳಲಿಲ್ಲ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ. ಆ ಕಥೆಗೆ ಕೈಮುಗಿಯುವ ನಾವು ಹಬ್ಬದ ಹೆಸರಲ್ಲಿ ಬೀದಿನಾಯಿಗಳನ್ನು ನಡುಗಿಸುವುದು ಯಾವ ಧರ್ಮ?