ಮೀನಿನ ಪಾವಿತ್ರ್ಯ

ಗಂಗಾಮೂಲದಲ್ಲಿ ತುಂಗೆ-ಭದ್ರೆಗಳಾಗಿ ಜನಿಸಿ, ಕೂಡಲಿಯಲ್ಲಿ ಒಂದಾಗಿ, ಹರಿಹರವನ್ನು ಹಾಯ್ದು, ಕನ್ನಡನಾಡಿನ ಗಡಿಯಾಚೆ ಕೃಷ್ಣೆಯನ್ನು ಸೇರುವ ತುಂಗಭದ್ರೆಯ ಮೀನಿಗೆ ಪಾವಿತ್ರ್ಯವೆಂಬುದು ಎಲ್ಲಿಂದ ಬಂದಿತು? ತುಂಗೆಯ ದಡದ ಶೃಂಗೇರಿಯ ಸೋಪಾನಗಳಡಿಯಲ್ಲಿ, ಯಾತ್ರಿಕರು ಚೆಲ್ಲುವ ಮಂಡಕ್ಕಿಗೆ ಅಗಲವಾದ ಹುರುಪೆಗಳನ್ನು ಮಿರುಗಿಸುತ್ತ ಮುಗಿಬೀಳುವ ಮಹಶೀರ್ ಅವಧ್ಯ. ಅದೇ ನೀರಿನ ಮೀನಾದರೋ, ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಸನಿಹದಲ್ಲಿಯೇ ಬೆಸ್ತನ ಬಲೆಗೆ ಬಿದ್ದು ತಕ್ಕಡಿಯನ್ನೇರುವುದು. ಭೇದವಿರುವುದು ನೀರಿನಲ್ಲಲ್ಲ, ಮನುಷ್ಯನು ತೊಟ್ಟ ವ್ರತದಲ್ಲಿ. ಆನೆಕೊಂಡವೆಂಬ ಊರಿನ ಈಶ್ವರಗುಡಿಯ ಕಟ್ಟೆಯ ಮೇಲೆ ಕುಳಿತವರು ಇದನ್ನು ಕಪಟವೆಂದು ಹಳಿದಾರು. ನನಗೆ ಹಾಗೆ ತೋರದು. ಎಲ್ಲವನ್ನೂ ಉಳಿಸಲಾರದವನು ಒಂದು ಮಡುವನ್ನಾದರೂ ಉಳಿಸಿಕೊಂಡನು. ಬೆಸ್ತನ ಹಸಿವೂ ಸುಳ್ಳಲ್ಲವಷ್ಟೆ! ಬಲೆಯಷ್ಟೇ ಅಲ್ಲ, ತಡೆ ಇನ್ನೊಂದುಂಟು: ರಾಜ್ಯಗಳ ಎಲ್ಲೆಯನ್ನರಿಯದ ಮೀನಿಗೆ 1953ರಲ್ಲಿ ಹೊಸಪೇಟೆಯ ಬಳಿ ಪೂರ್ಣಗೊಂಡ ಅಣೆಕಟ್ಟೇ ಎಲ್ಲೆಯಾಯಿತು. ಮೊಟ್ಟೆಯಿಡಲು ಪ್ರವಾಹದೆದುರು ಮೇಲೇರುವ ಹಾದಿ ಅಲ್ಲಿಯೇ ಮುಚ್ಚಿತು.